ಆಷಾಢದಲ್ಲಿ ಕೊಂಡ ಎಡಿಟಿಂಗ್ ಸಿಸ್ಟಂ

ಮದುವೆ ವಿಡಿಯೊ ಎಡಿಟ್ ಮಾಡುವವರು ಸೆಕೆಂಡ್ ಹ್ಯಾಂಡ್ ಸಿಸ್ಟಂ ಕೊಳ್ಳುವುದಿದ್ದರೆ ಆಷಾಢವೇ ಸರಿಯಾದ ತಿಂಗಳು. ಮುಹೂರ್ತಗಳಿಲ್ಲ, ಕೈಯಲ್ಲಿ ಕೆಲಸ ಕಡಿಮೆ, ನಾಲ್ಕು ಕಡೆ ಓಡಾಡಿ ನೋಡಲು ಪುರುಸೊತ್ತು ಇರುತ್ತದೆ. ತಂದ ಮೇಲೆ ಏನಾದರೂ ಕೈಕೊಟ್ಟರೂ ಶ್ರಾವಣದ ಮದುವೆಗಳು ಬರುವಷ್ಟರಲ್ಲಿ ಸರಿಮಾಡಿಕೊಳ್ಳಬಹುದು. ನಾನು ತುಮಕೂರಿನಲ್ಲಿ ಕೆಲವು ಸ್ಟುಡಿಯೊಗಳಿಗೆ ಎಡಿಟಿಂಗ್ ಮಾಡಿಕೊಡುತ್ತೇನೆ. ಧಾರೆ, ರಿಸೆಪ್ಷನ್ ಸೇರಿದ ಉದ್ದನೆಯ ವಿಡಿಯೊ, ಹೈಲೈಟ್ಸ್, ಈಗೀಗ ರೀಲ್ಸ್. ಸ್ಟುಡಿಯೊದವರು ಒಬ್ಬೊಬ್ಬರಾಗಿ ಬಣ್ಣವನ್ನು ಹೆಚ್ಚು ಸೂಕ್ಷ್ಮವಾಗಿ ಹಿಡಿಯುವ 10-ಬಿಟ್ ಕ್ಯಾಮೆರಾಗಳಿಗೆ ಬದಲಾದ ಮೇಲೆ ನನ್ನ ಹಳೆಯ ಸಿಸ್ಟಂನಲ್ಲಿ ಪ್ಲೇ ಒತ್ತಿದರೆ ಸ್ಲೈಡ್ ಶೋ ಓಡತೊಡಗಿತು. ಹೊಸದಕ್ಕೆ ಲಕ್ಷ ದಾಟುತ್ತಿತ್ತು. 50 ಸಾವಿರ ಇಟ್ಟುಕೊಂಡು ಹಳೆಯದನ್ನೇ ಹುಡುಕಲು ಹೊರಟೆ.

ಮಾರುವವರೆಲ್ಲ ಮೊದಲು ಹೇಳುವುದು ಕೋರ್ ಎಷ್ಟು, ರ್‍ಯಾಮ್ ಎಷ್ಟು ಅಂತ. ನಾನು ಲೆಕ್ಕ ಶುರುಮಾಡಿದ್ದು ನನಗೆ ಬರುವ ಫುಟೇಜ್‌ನಿಂದ. ಸೋನಿ ಎ7 ಮಾರ್ಕ್ 4ರಂಥ ಕ್ಯಾಮೆರಾದಲ್ಲಿ ಎಚ್.265, 10-ಬಿಟ್, 4:2:2 ಅಂತ ಶೂಟ್ ಮಾಡಿ ಕೊಡುತ್ತಾರೆ. ಎಚ್.265 ಅಂದರೆ ವಿಡಿಯೊ ಕುಗ್ಗಿಸುವ ಒಂದು ವಿಧಾನ, 4:2:2 ಅಂದರೆ ಬಣ್ಣದ ವಿವರ ಮಾಮೂಲಿಗಿಂತ ಹೆಚ್ಚು. ಈ ಫೈಲನ್ನು ಎಷ್ಟು ಕುಗ್ಗಿಸಿರುತ್ತದೆ ಅಂದರೆ ಒಂದು ಫ್ರೇಮ್ ತೋರಿಸಬೇಕಾದರೂ ಹಿಂದುಮುಂದಿನ ಫ್ರೇಮ್‌ಗಳನ್ನು ಬಿಚ್ಚಿ ನೋಡಬೇಕು. ಬಿಚ್ಚುವ ಕೆಲಸಕ್ಕೆಂದೇ ಇಂಟೆಲ್ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಎಂಬ ಭಾಗವಿದೆ. ಡೆಸ್ಕ್‌ಟಾಪ್‌ನಲ್ಲಿ 10ನೇ ಜನರೇಷನ್‌ವರೆಗೂ ಅದಕ್ಕೆ 4:2:2 ಬರುತ್ತಿರಲಿಲ್ಲ, 11ನೇ ಜನರೇಷನ್ ಐ5ನಿಂದ ಈಚೆಗೆ ಬರುತ್ತದೆ. ಎನ್‌ವಿಡಿಯಾದವರು ತಮ್ಮ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಇದನ್ನು ಕಲಿಸಿದ್ದು 2025ರ 50 ಸೀರೀಸ್‌ನಲ್ಲಿ. ಅಂದರೆ ಎಷ್ಟೇ ದುಬಾರಿ ಆರ್‌ಟಿಎಕ್ಸ್ 3080 ಹಾಕಿದ್ದರೂ ಈ ಒಂದು ಫೈಲಿಗೆ ಸಾಧಾರಣ 12ನೇ ಜನರೇಷನ್ ಐ5 ಅದನ್ನು ಹಿಂದೆ ಹಾಕುತ್ತದೆ.

ಇಷ್ಟು ಗೊತ್ತಾದ ಮೇಲೆ ಅರ್ಧ ಮಾರುಕಟ್ಟೆ ತಾನಾಗಿಯೇ ಪಟ್ಟಿಯಿಂದ ಹೊರಬಿತ್ತು. ಮೊದಲು ಹೋದದ್ದು ಇಂಟೆಲ್‌ನ ಜಿಯಾನ್ ಪ್ರೊಸೆಸರ್ ಇರುವ ವರ್ಕ್‌ಸ್ಟೇಷನ್‌ಗಳು. ಬೆಂಗಳೂರಿನ ಕಂಪನಿಗಳಿಂದ ಹೊರಬಂದ ಎಚ್‌ಪಿ ಝಡ್440 ತರಹದವು ನೋಡಲು ಕಟ್ಟುಮಸ್ತಾಗಿವೆ, ರೇಟೂ ಆಸೆ ಹುಟ್ಟಿಸುತ್ತದೆ. ಆದರೆ ಆ ಜಿಯಾನ್‌ಗಳಲ್ಲಿ ಒಳಗಿನ ಗ್ರಾಫಿಕ್ಸೇ ಇಲ್ಲ, ಕ್ವಿಕ್ ಸಿಂಕ್ ಎಲ್ಲಿಂದ ಬರಬೇಕು? ಜೊತೆಗೆ ವಿಂಡೋಸ್ 11 ಅಧಿಕೃತವಾಗಿ ಅಷ್ಟು ಹಳೆಯ ಪ್ರೊಸೆಸರ್ ಒಪ್ಪುವುದಿಲ್ಲ, ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆಮೇಲೆ ಹೆಸರಿನ ಕೊನೆಗೆ ‘ಎಫ್’ ಇರುವವು. 12400 ಬೇರೆ, 12400ಎಫ್ ಬೇರೆ. ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಗೇಮ್ ಆಡುವವರು ದುಡ್ಡು ಉಳಿಯುತ್ತದೆ ಅಂತ ಎಫ್ ತೆಗೆದುಕೊಳ್ಳುವುದರಿಂದ ಮಾರಾಟಕ್ಕಿರುವ ಗೇಮಿಂಗ್ ಸಿಸ್ಟಂಗಳಲ್ಲಿ ಅವೇ ಜಾಸ್ತಿ.

13, 14ನೇ ಜನರೇಷನ್ ಐ7, ಐ9 ಕಡಿಮೆಗೆ ಸಿಕ್ಕರೂ ನಾನು ಮುಟ್ಟಲಿಲ್ಲ. ಅವುಗಳಲ್ಲಿ ವೋಲ್ಟೇಜ್ ಹೆಚ್ಚಾಗಿ ಪ್ರೊಸೆಸರ್ರೇ ಸವೆಯುವ ಸಮಸ್ಯೆಯನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ತಂತ್ರಾಂಶ) ಅಪ್‌ಡೇಟ್ ಕೊಟ್ಟಿತು, ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ಅಪ್‌ಡೇಟ್ ಮುಂದಿನ ಹಾನಿ ತಡೆಯುತ್ತದೆಯೇ ಹೊರತು ಆಗಿಹೋದದ್ದನ್ನು ವಾಪಸ್ ತರುವುದಿಲ್ಲ. ಮೊದಲಿನ ಮಾಲೀಕ ಹೇಗೆ ಓಡಿಸಿದ್ದನೋ ಯಾರಿಗೆ ಗೊತ್ತು.

ಬೆಂಗಳೂರಿನ ಎಸ್.ಪಿ. ರೋಡಿಗೂ ಹೋಗಿ ಬಂದೆ. ಕಂಪನಿಗಳು ಲೀಸ್ ಮುಗಿಸಿ ಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪ್‌ಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಕೆಟ್ಟ ಮಾಲಲ್ಲ, ಎಸಿ ರೂಮಿನಲ್ಲಿ ಆಫೀಸ್ ಕೆಲಸ ಮಾಡಿಕೊಂಡಿದ್ದವು, ಒಳಗೆ ಧೂಳು ಕೂಡ ಇರಲಿಲ್ಲ. ತೊಂದರೆ ಕ್ಯಾಬಿನೆಟ್‌ನದು. ಸಣ್ಣ ಸೈಜಿನ ಮಾಡೆಲ್‌ಗಳಲ್ಲಿ ಉದ್ದನೆಯ ಗ್ರಾಫಿಕ್ಸ್ ಕಾರ್ಡ್ ಕೂರುವುದಿಲ್ಲ, ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಕಂಪನಿಯ ಸ್ವಂತ ಅಳತೆಯದು, ಹೊರಗಿನದು ಹಾಕಲು ಬರುವುದಿಲ್ಲ. ಕಾರ್ಡ್ ಬೇಡ ಅನ್ನುವವರಿಗೆ ಅದೇ ಸಾಕು. ಅಲ್ಲಿ ಕೊಳ್ಳುವವರು ಒಂದನ್ನು ಮಾತ್ರ ಬಿಡಬೇಡಿ: ಅಂಗಡಿಯಲ್ಲೇ ವಿಂಡೋಸ್ ರೀಸೆಟ್ ಮಾಡಿಸಿ, ಫೋನಿನ ಹಾಟ್‌ಸ್ಪಾಟ್ ಕೊಟ್ಟು ಆನ್ ಮಾಡಿ. ಯಾವುದೋ ಕಂಪನಿಯ ಹೆಸರು ತೋರಿಸಿ ಲಾಗಿನ್ ಕೇಳಿದರೆ ಅದು ಇನ್ನೂ ಆ ಕಂಪನಿಯ ಲೆಕ್ಕದಲ್ಲೇ ಇದೆ ಅಂತ. ಬಯೋಸ್‌ಗೆ, ಅಂದರೆ ಸಿಸ್ಟಂ ಆನ್ ಆಗುವಾಗಿನ ಮೂಲ ಸೆಟಿಂಗ್‌ಗಳಿಗೆ, ಪಾಸ್‌ವರ್ಡ್ ಇದೆಯೇ ಎಂದೂ ನೋಡಿ.

ಕೊನೆಗೆ ಸಿಕ್ಕಿದ್ದು ಊರಲ್ಲೇ, ಬಟವಾಡಿ ಕಡೆಯ ಒಂದು ಬಾಡಿಗೆ ರೂಮಿನಲ್ಲಿ. ಹುಡುಗ ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಹೊರಟಿದ್ದ. ಐ5 12400, 32 ಜಿಬಿ ರ್‍ಯಾಮ್, ಆರ್‌ಟಿಎಕ್ಸ್ 3060. “ಎಫ್ ಯಾಕಪ್ಪ ತಗೊಳ್ಳಲಿಲ್ಲ?” ಅಂದೆ. “ಅಣ್ಣಾ, ಆಗ ಕಾರ್ಡ್ ರೇಟ್ ಆಕಾಶದಲ್ಲಿತ್ತು. ಮೊದಲು ಕಾರ್ಡ್ ಇಲ್ದೆ ಓಡಿಸಿ, ಆಮೇಲೆ ಹಾಕ್ಸಿದ್ದು” ಅಂದ. ಅವನ ಬಡತನ ನನ್ನ ಅದೃಷ್ಟ.

ಪೆನ್‌ಡ್ರೈವ್‌ನಲ್ಲಿ ಟೂಲ್‌ಗಳನ್ನೂ, ಒಂದು ಎಸ್‌ಎಸ್‌ಡಿಯಲ್ಲಿ ನಿಜವಾದ ಮದುವೆಯೊಂದರ ಫುಟೇಜನ್ನೂ ತೆಗೆದುಕೊಂಡು ಹೋಗಿದ್ದೆ. ಪ್ರೀಮಿಯರ್ ಪ್ರೊ ತೆರೆದು ಹಲವು ಕ್ಯಾಮೆರಾಗಳನ್ನು ಒಟ್ಟಿಗೆ ಜೋಡಿಸಿದ ಧಾರೆಯ ಮಲ್ಟಿಕ್ಯಾಮ್ ಟೈಮ್‌ಲೈನ್ ಓಡಿಸಿದೆ, ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ಇಟ್ಟುಕೊಂಡು. ಇಂಟೆಲ್ ಜಿಪಿಯುನ ವಿಡಿಯೊ ಡಿಕೋಡ್ ಗೆರೆ ಮೇಲೇಳಬೇಕು. ಏಳಲಿಲ್ಲ! ಕಾರ್ಡ್ ಹಾಕಿದಾಗ ಬೋರ್ಡ್ ಒಳಗಿನ ಗ್ರಾಫಿಕ್ಸನ್ನು ಆಫ್ ಮಾಡಿತ್ತು. ಬಯೋಸ್‌ಗೆ ಹೋಗಿ ಅದನ್ನು ಆನ್ ಮಾಡಿ ಮತ್ತೆ ಓಡಿಸಿದರೆ ಗೆರೆ ಎದ್ದಿತು, ಪ್ರಾಕ್ಸಿ (ಎಡಿಟಿಂಗ್‌ಗೆಂದು ಮಾಡಿಕೊಳ್ಳುವ ಹಗುರ ನಕಲು) ಇಲ್ಲದೆಯೇ ವಿಡಿಯೊ ಸರಾಗವಾಗಿ ಹರಿಯಿತು. ಇದೊಂದು ಪರೀಕ್ಷೆ ಉಳಿದೆಲ್ಲ ಬೆಂಚ್‌ಮಾರ್ಕ್‌ಗಳಿಗಿಂತ ಹೆಚ್ಚು ಹೇಳುತ್ತದೆ.

ಬೆಂಚ್‌ಮಾರ್ಕ್ ಮಾಡಲಿಲ್ಲ ಅಂತಲ್ಲ. ಸಿನಿಬೆಂಚ್‌ನ 10 ನಿಮಿಷದ ಓಟದಲ್ಲಿ ಎಚ್‌ಡಬ್ಲ್ಯೂಇನ್‌ಫೋ ತೋರಿಸಿದ ಬಿಸಿ 80 ಡಿಗ್ರಿ ಆಸುಪಾಸಿನಲ್ಲೇ ನಿಂತಿತು. ಕಾರ್ಡ್ ವಿಷಯದಲ್ಲಿ ಅನುಮಾನ ಜಾಸ್ತಿ ಇರಬೇಕು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ ಹಗಲುರಾತ್ರಿ ದುಡಿದ ಕಾರ್ಡ್‌ಗಳು ಎಲ್ಲೆಡೆ ಹರಡಿಹೋದವು. ಬೇರೆ ಕಾರ್ಡಿನ ಹೆಸರು ಬರೆದ ನಕಲಿಗಳೂ ಇವೆ. ಅದಕ್ಕೆ ಕಾರ್ಡಿನ ನಿಜವಾದ ವಿವರ ತೋರಿಸುವ ಜಿಪಿಯು-ಝಡ್. 3060ರಲ್ಲಿ ಮೆಮೊರಿ ದಾರಿಯ ಅಗಲ 12 ಜಿಬಿಯದು 192-ಬಿಟ್, ಆಮೇಲೆ ಬಂದ 8 ಜಿಬಿಯದು 128-ಬಿಟ್. ಹೆಸರು ಒಂದೇ ಅಂತ ರೇಟೂ ಒಂದೇ ಹೇಳುತ್ತಾರೆ. ಇದು 12ರದ್ದೇ. ಕಾರ್ಡಿಗೆ ಪೂರ್ತಿ ಭಾರ ಹೇರುವ ಫರ್‌ಮಾರ್ಕ್ ಹಾಕಿ ಫ್ಯಾನ್ ಪೂರ್ತಿ ವೇಗಕ್ಕೆ ಹೋದಾಗ ಕಿವಿ ಹತ್ತಿರ ಇಟ್ಟು ಕೇಳಿದೆ, ಬೇರಿಂಗ್ ಕಟಕಟ ಅನ್ನಲಿಲ್ಲ. ರ್‍ಯಾಮ್ ಪರೀಕ್ಷೆಗೆ ಗಂಟೆಗಟ್ಟಲೆ ಬೇಕು. ಮೆಮ್‌ಟೆಸ್ಟ್86 ಹಾಕಿದ ಪೆನ್‌ಡ್ರೈವ್ ಅಲ್ಲೇ ಬಿಟ್ಟು, “ರಾತ್ರಿ ಓಡ್ಲಿ, ಬೆಳಿಗ್ಗೆ ಸ್ಕ್ರೀನ್ ಫೋಟೊ ಕಳಿಸಪ್ಪ” ಅಂದೆ. ಕಳಿಸಿದ, ಒಂದೂ ಎರರ್ ಇರಲಿಲ್ಲ. ಅವನ ಹತ್ತಿರ ಬಿಲ್‌ಗಳೆಲ್ಲ ಇದ್ದವು. ಕಾರ್ಡ್ ಮತ್ತು ಬೋರ್ಡಿನ ಸೀರಿಯಲ್ ನಂಬರನ್ನು ಬಿಲ್‌ಗೆ ಹೋಲಿಸಿ ನೋಡಿಯೇ ದುಡ್ಡು ಕೊಟ್ಟೆ.

ಚೌಕಾಸಿಗೆ ನನಗೆ ಸಿಕ್ಕ ಹಿಡಿತ ಹಾರ್ಡ್ ಡಿಸ್ಕ್. ಕ್ರಿಸ್ಟಲ್ ಡಿಸ್ಕ್ ಇನ್‌ಫೋ ಅದನ್ನು ಹಳದಿಯಲ್ಲಿ ತೋರಿಸಿತು, ಪೆಂಡಿಂಗ್ ಸೆಕ್ಟರ್‌ಗಳು, ಅಂದರೆ ಓದಲು ತಡವರಿಸುವ ಜಾಗಗಳು, ಇದ್ದವು. ಡಿಸ್ಕನ್ನು ಅವನಿಗೇ ಬಿಟ್ಟು ಅದರ ದುಡ್ಡು ಮುರಿಸಿಕೊಂಡೆ. ಹಳೆಯ ಡ್ರೈವ್ ಚೆನ್ನಾಗಿದ್ದರೂ ನಾನು ಬಳಸುತ್ತಿರಲಿಲ್ಲ ಅನ್ನಿ. ಧಾರೆ ಎರಡನೇ ಸಲ ನಡೆಯುವುದಿಲ್ಲ, ಫುಟೇಜ್ ಹೋದರೆ ಹೋಯಿತು. ಎನ್‌ವಿಎಂಇ ಎಸ್‌ಎಸ್‌ಡಿ ಹೊಸದು, ಬ್ಯಾಕಪ್ ಡಿಸ್ಕ್ ಹೊಸದು, ಎಸ್‌ಎಂಪಿಎಸ್ಸೂ ಹೊಸದು, 650 ವ್ಯಾಟ್ ಬ್ರಾಂಜ್. ನಮ್ಮ ಏರಿಯಾದಲ್ಲಿ ಮಳೆ ಹನಿ ಬಿದ್ದರೆ ಕರೆಂಟ್ ಕಣ್ಣುಮುಚ್ಚಾಲೆ ಆಡುತ್ತದೆ, ಹಾಗಾಗಿ ಯುಪಿಎಸ್ ಕೂಡ. ಇವೆಲ್ಲ ಸೇರಿ ಬಜೆಟ್ ಸ್ವಲ್ಪ ಮೀರಿತು. ಮೀರಲಿ, ಉಳಿಸುವ ಜಾಗ ಅದಲ್ಲ.

ಒಂದು ಮಿತಿ ಉಳಿದಿದೆ. 4:2:2 ಆಗಿದ್ದೂ ಹಳೆಯ ವಿಧಾನವಾದ ಎಚ್.264ರಲ್ಲಿ ಬಂದ ಫೈಲಾದರೆ ಈ ಇಂಟೆಲ್ ಚಿಪ್ಪೂ ಕೈಯೆತ್ತುತ್ತದೆ, ಭಾರವೆಲ್ಲ ಕೋರ್‌ಗಳ ಮೇಲೆ. ಒಂದು ಕ್ಯಾಮೆರಾದ್ದಾದರೆ ಹೇಗೋ ನಡೆಯುತ್ತದೆ, ಮಲ್ಟಿಕ್ಯಾಮ್‌ಗೆ ಪ್ರಾಕ್ಸಿಯೇ ಗತಿ. ಸೋನಿ ಇಟ್ಟುಕೊಂಡವರಿಗೆ ಎಚ್.265 ಬಳಸುವ ಎಕ್ಸ್‌ಎವಿಸಿ ಎಚ್‌ಎಸ್‌ನಲ್ಲೇ ಶೂಟ್ ಮಾಡಿ ಅಂತ ಸೀಸನ್‌ಗೆ ಮುಂಚೆಯೇ ಹೇಳಿಬಿಟ್ಟಿದ್ದೇನೆ. ಕೇಳದೆ ಎಚ್.264ರ ಎಕ್ಸ್‌ಎವಿಸಿ ಎಸ್‌ನಲ್ಲೇ ತಂದುಕೊಟ್ಟವರ ಕೆಲಸ, ಪ್ರಾಕ್ಸಿ ಆಗಬೇಕಲ್ಲ, ಒಂದು ದಿನ ತಡವಾಗಿ ಕೈಸೇರುತ್ತದೆ.