ಮೊದಲ ಮಳೆಯ ಸಂಜೆ ಮತ್ತು ಮನೆಯ ಹುಲ್ಲುಹಾಸು

ಮನೆಯ ಮುಂದೆ ಇನ್ನೂರೋ ಮುನ್ನೂರೋ ಚದರಡಿ ಹುಲ್ಲುಹಾಸು ಬೆಳೆಸಿಕೊಂಡವರು, ಅದು ಅಲ್ಲಲ್ಲಿ ಹಳದಿಗೆ ತಿರುಗಿದ ಕೂಡಲೇ ಮೊದಲು ನೀರು ಹೆಚ್ಚಿಸುತ್ತಾರೆ. ನೀರಿಗೆ ಬಗ್ಗದಿದ್ದರೆ ಒಂದೆರಡು ಹಿಡಿ ಯೂರಿಯಾ ಎರಚುತ್ತಾರೆ. ಅದಕ್ಕೂ ಹಸಿರಾಗದಿದ್ದರೆ ಅಂಗಡಿಯವರು ಕೈಗಿತ್ತ ಔಷಧಿ ಹೊಡೆಯುತ್ತಾರೆ. ಬಹುಕಾಲ ಮಣ್ಣಿನ ಕೆಲಸ ಮಾಡಿದ ನನಗೆ ಈ ಕ್ರಮವೇ ತಲೆಕೆಳಗಾಗಿದೆ ಎನಿಸುತ್ತದೆ. ನಮ್ಮ ಸೀಮೆಯ ಹುಲ್ಲುಹಾಸಿನಲ್ಲಿ ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಕಾಣಿಸಿಕೊಳ್ಳುವ ದೊಡ್ಡ ಹಾನಿಗೆ ಬೀಜ ಬೀಳುವುದು ಏಪ್ರಿಲ್ ಕೊನೆಯಲ್ಲೋ ಮೇ ತಿಂಗಳಲ್ಲೋ ಸುರಿಯುವ ಮೊದಲ ಮಳೆಯ ಸಂಜೆಯಲ್ಲಿ. ಆ ಸಂಜೆಗೆ ಸಿದ್ಧರಾಗಿರುವ ಮನೆಯವರಿಗೆ ವಿಷದ ಡಬ್ಬಿಯನ್ನು ಮುಟ್ಟುವ ಅಗತ್ಯ ಅಪರೂಪಕ್ಕೆ ಬರುತ್ತದೆ.

ಮೊದಲು ನಿಮ್ಮ ಅಂಗಳದಲ್ಲಿರುವುದು ಯಾವ ಹುಲ್ಲು ಎಂಬುದನ್ನು ತಿಳಿದುಕೊಳ್ಳಿ. ಬರ್ಮುಡಾ ಎಂದು ಮಾರುವುದು ನಮ್ಮ ಗಣಪತಿ ಪೂಜೆಯ ಗರಿಕೆಯ ಜಾತಿಯೇ. ಬಿಸಿಲನ್ನು ತಡೆಯುತ್ತದೆ, ನೆರಳನ್ನು ತಡೆಯುವುದಿಲ್ಲ. ಬೆಂಗಳೂರಿನ ನರ್ಸರಿಗಳು ಮೆಕ್ಸಿಕನ್ ಎಂದು ಕೊಡುವ ಹುಲ್ಲು ನುಣುಪಾಗಿ, ನಿಧಾನವಾಗಿ ಬೆಳೆಯುತ್ತದೆ. ಅಗಲ ಎಲೆಯ ಬಫೆಲೊ ಹುಲ್ಲು ಅರೆನೆರಳಿಗೂ ಕರಾವಳಿಯ ಮಳೆಗೂ ಒಗ್ಗುತ್ತದೆ. ಮಾವಿನ ಮರದ ದಟ್ಟ ನೆರಳಿನಲ್ಲಿ ಯಾವ ಹುಲ್ಲೂ ನೆಟ್ಟಗೆ ಬರುವುದಿಲ್ಲವಾದ್ದರಿಂದ, ಅಲ್ಲಿ ಹಣ ಸುರಿಯುವ ಬದಲು ಕಲ್ಲು ಹಾಸಿಸುವುದು ಮೇಲು.

ಬೇಸಿಗೆಯಲ್ಲಿ ದಿನವೂ ಸಂಜೆ ಪೈಪು ಹಿಡಿದು ಮೇಲೆ ಮೇಲೆ ಚಿಮುಕಿಸುವ ಅಭ್ಯಾಸ ಹುಲ್ಲಿಗೆ ಹಿತವಲ್ಲ. ಬೇರುಗಳು ಒಂದು ಅಂಗುಲದ ಆಳದಲ್ಲೇ ಉಳಿದು, ಒಂದು ದಿನ ನೀರು ತಪ್ಪಿದರೂ ಬಾಡುತ್ತವೆ. ಬೆಳಗಿನ ಜಾವದಲ್ಲಿ, ನಾಲ್ಕೈದು ದಿನಕ್ಕೊಮ್ಮೆ, ನೂರು ಚದರಡಿಗೆ 150ರಿಂದ 200 ಲೀಟರಿನಷ್ಟು ನೀರನ್ನು ನಿಧಾನವಾಗಿ ಹಾಯಿಸಿ, ಒಂದು ಸ್ಕ್ರೂಡ್ರೈವರನ್ನು ನೆಲಕ್ಕೆ ಒತ್ತಿ ನೋಡಬೇಕು. ಅದು ನಾಲ್ಕೈದು ಅಂಗುಲ ಸಲೀಸಾಗಿ ಇಳಿದರೆ ನೀರು ಬೇರಿಗೆ ಮುಟ್ಟಿದೆ ಎಂದು ತಿಳಿಯಬಹುದು. ಬೋರ್‌ವೆಲ್ ನೀರಿಗೆ ಸಾಫ್ಟನರ್ ಹಾಕಿಸಿಕೊಂಡ ಮನೆಗಳಲ್ಲಿ, ಅದಕ್ಕೆ ಮೊದಲೇ ಒಂದು ನಲ್ಲಿಯನ್ನು ತೋಟಕ್ಕೆಂದು ಬೇರ್ಪಡಿಸಿಕೊಳ್ಳಬೇಕು. ಸಾಫ್ಟನರಿನಿಂದ ಬರುವ ನೀರಿನಲ್ಲಿ ಸೋಡಿಯಂ ಹೆಚ್ಚಿರುತ್ತದೆ, ಅದು ಮಣ್ಣನ್ನು ಗಟ್ಟಿ ಮಾಡಿ ಬೇರನ್ನು ಸುಡುತ್ತದೆ. ಆರ್‌ಒ ಯಂತ್ರ ಹೊರಚೆಲ್ಲುವ ನೀರಿನಲ್ಲಿಯೂ ಲವಣ ಹೆಚ್ಚು. ಅದನ್ನು ಒಂದೇ ಜಾಗಕ್ಕೆ ನಿತ್ಯ ಹಾಕಬಾರದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5000 ರೂಪಾಯಿ ದಂಡ ಗೊತ್ತುಪಡಿಸಿದ್ದನ್ನು ಓದುಗರು ಮರೆತಿರಲಾರರು. ಅಂಥ ವರ್ಷದಲ್ಲಿ ಹುಲ್ಲನ್ನು ಮಲಗಲು ಬಿಟ್ಟುಬಿಡಿ. ಬೇರೂರಿದ ಗರಿಕೆ ಮೇಲೆ ಒಣಗಿದರೂ ನೆಲದೊಳಗಿನ ಗೆಣ್ಣಿನಲ್ಲಿ ಜೀವ ಹಿಡಿದುಕೊಂಡಿರುತ್ತದೆ, ಎರಡು ಹದ ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಬೇಸಿಗೆಯಲ್ಲಿ ಹುಲ್ಲನ್ನು ತೀರಾ ಗಿಡ್ಡವಾಗಿ ಕತ್ತರಿಸಬೇಡಿ. ಒಂದು ಬಾರಿಗೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದಿರುವುದು ಎಲ್ಲ ಕಾಲಕ್ಕೂ ಸಲ್ಲುವ ಪಾಠ.

ಈಗ ಮೊದಲ ಮಳೆಯ ವಿಷಯಕ್ಕೆ ಬರುತ್ತೇನೆ. ಭರಣಿ ಮಳೆಯ ಹೊತ್ತಿಗೆ, ಒಂದು ವರ್ಷದಿಂದ ನೆಲದೊಳಗೆ ಬೆಳೆದು ಕಾದಿದ್ದ ಕಂದು ಬಣ್ಣದ ದುಂಬಿಗಳು ಮಣ್ಣು ತೊಯ್ದ ಸಂಜೆಯೇ ಹೊರಬರುತ್ತವೆ. ಕತ್ತಲಾಗುತ್ತಿದ್ದಂತೆ ಅವು ಗುಂಯ್‌ಗುಟ್ಟುತ್ತ ಹಾರಿ ಬೇವು, ಜಾಲಿಯಂಥ ಮರಗಳ ಮೇಲೆ ಕುಳಿತು ರಾತ್ರಿಯಿಡೀ ಎಲೆ ಮೇಯುತ್ತವೆ. ಬೇವು ಹುಳುಗಳನ್ನು ಓಡಿಸುತ್ತದೆ ಎಂಬ ನಂಬಿಕೆ ಈ ದುಂಬಿಯ ಮುಂದೆ ನಡೆಯುವುದಿಲ್ಲ, ಬೇವಿನ ಎಲೆಯೇ ಇದಕ್ಕೆ ಪ್ರಿಯ. ಬೆಳಗಾಗುವ ಮೊದಲು ಅವು ಮಣ್ಣಿಗೆ ಇಳಿಯುತ್ತವೆ, ಹೆಣ್ಣುಗಳು ಕೆಲವು ಅಂಗುಲ ಆಳದಲ್ಲಿ ಮೊಟ್ಟೆ ಇಡುತ್ತವೆ. ಆ ಮೊಟ್ಟೆಗಳಿಂದ ಬರುವುದೇ ಕಬ್ಬು, ಶೇಂಗಾ ಬೆಳೆಗಾರರು ಹೆಸರು ಕೇಳಿದರೆ ಬೆಚ್ಚುವ ಗೊಣ್ಣೆ ಹುಳು: ಬಿಳಿಯ ಮೈ, ಕಂದು ತಲೆ, ಕೈಗೆತ್ತಿಕೊಂಡರೆ ಅರ್ಧಚಂದ್ರದಂತೆ ಮುದುಡಿಕೊಳ್ಳುತ್ತದೆ. ಮೊದಮೊದಲು ಕೊಳೆತ ಗೊಬ್ಬರವನ್ನು ತಿಂದುಕೊಂಡಿದ್ದು, ಮಳೆಗಾಲ ಬಲಿಯುತ್ತಿದ್ದಂತೆ ಹುಲ್ಲಿನ ಬೇರಿಗೆ ಬಾಯಿ ಹಾಕುತ್ತದೆ.

ಆದ್ದರಿಂದ ಮೊದಲ ಮೂರು ನಾಲ್ಕು ಮಳೆಗಳ ಸಂಜೆ ಅಂಗಳದ ಕಡೆಗಿನ ದೀಪಗಳನ್ನೆಲ್ಲ ಆರಿಸಿ, ಹುಲ್ಲಿನಿಂದ ದೂರದಲ್ಲಿ ಒಂದೇ ಒಂದು ಬಲ್ಬನ್ನು ಉರಿಸಿ, ಅದರ ಕೆಳಗೆ ಅಗಲವಾದ ಬೋಗುಣಿಯಲ್ಲಿ ಸೋಪಿನ ನೀರು ಇಡಿ. ಎಂಟು ಗಂಟೆಯ ಸುಮಾರಿಗೆ ಟಾರ್ಚು ಹಿಡಿದು ಬೇವಿನ ಮರದ ತಗ್ಗಿನ ಕೊಂಬೆಗಳನ್ನು ಅಲುಗಿಸಿದರೆ ದುಂಬಿಗಳು ಪಟಪಟನೆ ಕೆಳಗೆ ಬೀಳುತ್ತವೆ. ಕೆಳಗೆ ಹಳೆಯ ಸೀರೆಯನ್ನೋ ಟಾರ್ಪಾಲನ್ನೋ ಹರಡಿದ್ದರೆ ಒಟ್ಟುಮಾಡಿ ಸೋಪಿನ ನೀರಿಗೆ ಹಾಕುವುದು ಸುಲಭ. ಇದನ್ನು ಬೀದಿಯ ನಾಲ್ಕು ಮನೆಯವರು ಸೇರಿ ಮಾಡಿದರೆ ಹೆಚ್ಚು ಫಲ, ಏಕೆಂದರೆ ದುಂಬಿಗೆ ಕಾಂಪೌಂಡಿನ ಗೋಡೆ ಲೆಕ್ಕಕ್ಕಿಲ್ಲ.

ಹುಲ್ಲು ಹಳದಿಯಾದ ಕಡೆ ಗೊಣ್ಣೆ ಹುಳುವೇ ಕಾರಣವೋ ಅಲ್ಲವೋ ಎಂದು ನೋಡಲು ದೊಡ್ಡ ವಿದ್ಯೆ ಬೇಕಾಗಿಲ್ಲ. ಹಳದಿ ಭಾಗದ ಅಂಚಿನಲ್ಲಿ, ಇನ್ನೂ ಹಸಿರಿರುವ ಹುಲ್ಲನ್ನೂ ಸೇರಿಸಿ, ಒಂದಡಿ ಉದ್ದ ಒಂದಡಿ ಅಗಲ ಚೌಕವಾಗಿ ಕತ್ತಿಯಿಂದ ಗೀರಿ, ಮೂರು ಅಂಗುಲ ಆಳಕ್ಕೆ ಎತ್ತಿ ಮಗುಚಿ ನೋಡಿ. ಬೇರು ತಿಂದುಹೋಗಿದ್ದರೆ ಹುಲ್ಲು ಚಾಪೆ ಸುತ್ತಿದ ಹಾಗೆ ಮೇಲೆದ್ದು ಬರುತ್ತದೆ. ಒಂದು ಚದರಡಿಯಲ್ಲಿ ಒಂದೆರಡು ಹುಳು ಇದ್ದರೆ ಆರೋಗ್ಯವಂತ ಹುಲ್ಲು ಸಹಿಸಿಕೊಳ್ಳುತ್ತದೆ. ಐದಕ್ಕಿಂತ ಹೆಚ್ಚು ಸಿಕ್ಕರೆ ಕೆಲಸಕ್ಕೆ ಕೈ ಹಾಕಬೇಕು. ಗೊರವಂಕ, ಕಾಗೆಗಳು ಒಂದೇ ಜಾಗವನ್ನು ಪದೇ ಪದೇ ಕೆದಕುತ್ತಿದ್ದರೆ ಅದೂ ಒಂದು ಗುರುತು, ಅವನ್ನು ಓಡಿಸಬೇಡಿ.

ಇದಕ್ಕೆ ನಾನು ನೆಚ್ಚುವ ಮದ್ದು ಮೆಟರೈಜಿಯಂ ಎಂಬ ಶಿಲೀಂಧ್ರ. ಹುಳುವಿನ ಮೈಮೇಲೆ ಬೆಳೆದು ಅದನ್ನೇ ಕೊಲ್ಲುವ ಈ ಶಿಲೀಂಧ್ರದ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ ಕಳಿತ ಗೊಬ್ಬರಕ್ಕೆ ಬೆರೆಸಿ, ಜೂನ್, ಜುಲೈನಲ್ಲಿ ಹುಳು ಚಿಕ್ಕದಾಗಿರುವಾಗ, ತೇವವಿರುವ ಮಣ್ಣಿಗೆ, ಮೋಡ ಕವಿದ ದಿನ ಎರಚಬೇಕು. ಅದೇ ವಾರ ಶಿಲೀಂಧ್ರನಾಶಕ ಸಿಂಪಡಿಸಿದರೆ ಇದೂ ಸಾಯುತ್ತದೆ ಎಂಬುದನ್ನು ಮರೆಯಬೇಡಿ. ಹುಳುವಿನ ದೇಹವನ್ನು ಹೊಕ್ಕು ಕೊಲ್ಲುವ ಸೂಕ್ಷ್ಮ ಜಂತುಹುಳುಗಳ ಪುಡಿಯೊಂದನ್ನು ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ರೂಪಿಸಿದೆ; ಸಿಕ್ಕರೆ ಅದೂ ಒಳ್ಳೆಯದು. ಬಲಿತ ಹುಳುವಿಗೆ ಸೆಪ್ಟೆಂಬರಿನಲ್ಲಿ ಎಷ್ಟು ಸುರಿದರೂ ಫಲ ಕಡಿಮೆ.

ಜೂನ್ ತಿಂಗಳ ಮಳೆ ಹದವಾಗಿ ಬೀಳತೊಡಗಿದಾಗ ಹುಲ್ಲಿಗೆ ಗೊಬ್ಬರ ಕೊಡುವುದು ಸರಿಯಾದ ಹೊತ್ತು. ಜರಡಿ ಹಿಡಿದ ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ನೂರು ಚದರಡಿಗೆ ಸುಮಾರು ಮೂರು ಬಕೆಟ್ಟಿನಷ್ಟು ಹರಡಿ ಪೊರಕೆಯಿಂದ ಒಳಗಿಳಿಸಿ. ಒಂದು ಕಿಲೋ ಬೇವಿನ ಹಿಂಡಿಯನ್ನೂ ಸೇರಿಸಬಹುದು. ಹಸಿ ಸಗಣಿ ಖಂಡಿತ ಬೇಡ, ಅದು ಗೆದ್ದಲನ್ನೂ ದುಂಬಿಗಳನ್ನೂ ಕೈಬೀಸಿ ಕರೆಯುತ್ತದೆ. ಯೂರಿಯಾ ಹಾಕಲೇಬೇಕೆಂದಿದ್ದರೆ ನೂರು ಚದರಡಿಗೆ 100 ಗ್ರಾಂ ಮೀರದಂತೆ, ಎಲೆ ಒಣಗಿದ್ದಾಗ ಎರಚಿ, ತಕ್ಷಣ ನೀರು ಹಾಯಿಸಿ ತೊಳೆಯಬೇಕು.

ಮಳೆಗಾಲದ ಉಳಿದ ಉಪದ್ರವಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ರಾತ್ರೋರಾತ್ರಿ ಎಲೆಗಳು ಕಚ್ಚಿದಂತೆ ಕಂಡರೆ ನಾಲ್ಕು ಲೀಟರು ನೀರಿಗೆ ಎರಡು ದೊಡ್ಡ ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ ಒಂದು ಚದರ ಗಜದ ಜಾಗಕ್ಕೆ ಸುರಿಯಿರಿ. ಸೈನಿಕ ಹುಳುವೋ ಕತ್ತರಿ ಹುಳುವೋ ಇದ್ದರೆ ಹತ್ತು ನಿಮಿಷದಲ್ಲಿ ಮೇಲೆ ಬರುತ್ತವೆ. ಆಗ 50 ಗ್ರಾಂ ಬೇವಿನ ಬೀಜವನ್ನು ಜಜ್ಜಿ ಒಂದು ಲೀಟರು ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಸಂಜೆ ಸಿಂಪಡಿಸಿದರೆ ಸಾಕು. ಆಫ್ರಿಕಾದ ದೊಡ್ಡ ಬಸವನಹುಳುಗಳಿಗೆ ಒದ್ದೆ ಗೋಣಿಚೀಲದ ಕೆಳಗೆ ಕೋಸಿನ ಎಲೆಯೋ ಪಪ್ಪಾಯಿ ಎಲೆಯೋ ಇಟ್ಟು, ಬೆಳಗ್ಗೆ ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಬೇಕು. ಉಪ್ಪನ್ನು ನೇರವಾಗಿ ಹುಲ್ಲಿನ ಮೇಲೆ ಎಸೆದರೆ ಅಲ್ಲಿ ಹುಲ್ಲೂ ಉಳಿಯುವುದಿಲ್ಲ. ಬಸವನಹುಳುವಿಗೆಂದು ಮಾರುವ ಮೆಟಾಲ್ಡಿಹೈಡ್ ಗುಳಿಗೆಗಳು ನಾಯಿಗೆ ಪ್ರಾಣಾಂತಿಕ. ಮಣ್ಣಿನ ಸಣ್ಣ ಸಣ್ಣ ಗುಪ್ಪೆಗಳು ಎರೆಹುಳುವಿನವು. ಅವನ್ನು ಪೊರಕೆಯಿಂದ ಹರಡಿಬಿಡಿ, ಅದಕ್ಕಿಂತ ಒಳ್ಳೆಯ ಗೊಬ್ಬರ ದುಡ್ಡು ಕೊಟ್ಟರೂ ಸಿಗದು.

ಜೇಕು ಮಾತ್ರ ತಾಳ್ಮೆ ಬೇಡುವ ಕಳೆ. ಮೇಲಿನಿಂದ ಕಿತ್ತರೆ ನೆಲದೊಳಗಿನ ಗಡ್ಡೆಗಳ ಸರ ಹಾಗೆಯೇ ಉಳಿದು ಒಂದಕ್ಕೆ ನಾಲ್ಕಾಗಿ ಚಿಗುರುತ್ತದೆ. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ ಉದ್ದನೆಯ ಮೊನಚು ಕಬ್ಬಿಣದಿಂದ ಗಡ್ಡೆಸಮೇತ ಎಬ್ಬಿಸಬೇಕು, ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬಾರದು. ಹೊಸದಾಗಿ ಹುಲ್ಲು ಹಾಸುವವರು, ಲೋಡುಗಟ್ಟಲೆ ತರಿಸಿದ ಕೆಂಪು ಮಣ್ಣಿಗೆ ಎರಡು ವಾರ ನೀರು ಹಾಕಿ ಬಿಟ್ಟು, ಅದರಲ್ಲಿರುವ ಜೇಕು ಮೊಳೆತ ಮೇಲೆ ಕಿತ್ತುಹಾಕಿ, ಆನಂತರ ಹುಲ್ಲು ಹಾಸಿದರೆ ಮುಂದಿನ ಎಷ್ಟೋ ವರ್ಷದ ಕೆಲಸ ತಪ್ಪುತ್ತದೆ.

ವಿಷ ಬಳಸಲೇಬೇಕಾದ ಸಂದರ್ಭ ಬಂದರೆ ಡಬ್ಬಿಯ ಮೇಲಿನ ಚೌಕದ ಬಣ್ಣವನ್ನು ಮೊದಲು ನೋಡಿ: ಕೆಂಪು ಅತಿ ಘೋರ, ಅನಂತರ ಹಳದಿ, ನೀಲಿ, ಹಸಿರು. ಮಕ್ಕಳು ಬರಿಗಾಲಲ್ಲಿ ಆಡುವ ಅಂಗಳಕ್ಕೆ ಕೆಂಪು, ಹಳದಿಯ ಡಬ್ಬಿಗಳನ್ನು ತರುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ತಲೆಮಾರಿನವರು ಗೊಣ್ಣೆ ಹುಳುವಿಗೆ ಧಾರಾಳವಾಗಿ ಬಳಸುತ್ತಿದ್ದ ಫೋರೇಟ್ ಹರಳನ್ನು 2020ರ ಕೊನೆಯಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಹಳೆಯ ಪೊಟ್ಟಣ ಮನೆಯ ಅಟ್ಟದಲ್ಲಿದ್ದರೆ ದಯವಿಟ್ಟು ಬಳಸಬೇಡಿ, ಚರಂಡಿಗೂ ಸುರಿಯಬೇಡಿ. ಎಂಡೋಸಲ್ಫಾನ್ ಸಿಂಪಡಿಸಿದ ಗೇರು ತೋಪುಗಳ ಸುತ್ತಲಿನ ದಕ್ಷಿಣ ಕನ್ನಡದ ಊರುಗಳ ಮಕ್ಕಳ ಪಾಡನ್ನು ಕಂಡ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ವಾತಿ ಮಳೆ ಮುಗಿದು ಚಳಿ ಕಾಲಿಟ್ಟ ಮೇಲೆ ಹುಲ್ಲಿನ ಬೆಳವಣಿಗೆ ತಾನಾಗಿ ನಿಧಾನವಾಗುತ್ತದೆ. ಧಾರವಾಡ, ಬೀದರಿನಂಥ ಊರುಗಳಲ್ಲಿ ಡಿಸೆಂಬರಿನ ಗರಿಕೆ ಕಂದಾಗುವುದು ರೋಗವಲ್ಲ. ಆಗ ಯೂರಿಯಾ ನಿಲ್ಲಿಸಿ, ನೀರನ್ನು ಹತ್ತು ಹನ್ನೆರಡು ದಿನಕ್ಕೊಮ್ಮೆ ಮಾತ್ರ ಕೊಡಿ. ಇಬ್ಬನಿ ದಟ್ಟವಾಗಿ ಬಿದ್ದ ಬೆಳಗ್ಗೆ ಉದ್ದನೆಯ ಬಿದಿರ ಕೋಲನ್ನು ಹುಲ್ಲಿನ ಮೇಲೆ ಅಡ್ಡಡ್ಡ ಆಡಿಸಿ ಹನಿಗಳನ್ನು ಉದುರಿಸಿದರೆ ಶಿಲೀಂಧ್ರದ ಕಂದು ಚುಕ್ಕೆಗಳು ಬಹಳ ಮಟ್ಟಿಗೆ ತಪ್ಪುತ್ತವೆ. ಯಂತ್ರದ ಅಲಗನ್ನು ಫೆಬ್ರುವರಿಯ ಒಳಗೆ ಸಾಣೆ ಹಿಡಿಸಿಟ್ಟುಕೊಳ್ಳಿ; ಮೊಂಡು ಅಲಗು ಎಲೆಯನ್ನು ಕತ್ತರಿಸದೆ ಹರಿಯುತ್ತದೆ, ಹರಿದ ತುದಿಗಳು ಎರಡೇ ದಿನಕ್ಕೆ ಬಿಳಿಚಿಕೊಂಡು ಇಡೀ ಅಂಗಳ ಬಾಡಿದಂತೆ ತೋರಿಸುತ್ತವೆ.