ಬಿದಿರ ಮೆಳೆ: ಗುಣಿಯಿಂದ ಗಳದವರೆಗೆ

ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನ ಬಿದಿರ ಚಾವಣಿ ನೋಡಿ ಬಂದವರಿಗೆ ದೇವನಹಳ್ಳಿ, ಕನಕಪುರದ ಕಡೆಯ ಜಮೀನಿನಲ್ಲೂ ಬಿದಿರು ಹಾಕುವ ಹುಮ್ಮಸ್ಸು ಬರುತ್ತದೆ. ಹಾಕುವುದು ಸುಲಭ, ಮೆಳೆ ಕೆಡುವುದು ಕಡಿಯುವಾಗ.

ಕೆಂಪು ಮಣ್ಣಿಗೆ, ಕಡಿಮೆ ಮಳೆಗೆ ಕಿರುಬಿದಿರು ಒಗ್ಗುತ್ತದೆ. ಹೆಬ್ಬಿದಿರಿಗೆ ಮುಳ್ಳು, ಬೇಲಿಗೆ ಸರಿ, ಒಳಗೆ ಕೈಹಾಕಿ ಗಳ ತೆಗೆಯುವುದು ಹಿಂಸೆ.

ಬೇಸಿಗೆಯಲ್ಲೇ 2 ಅಡಿ ಉದ್ದ, ಅಗಲ, ಆಳದ ಗುಣಿ ತೆಗೆದು ಬಿಸಿಲಿಗೆ ಬಿಡಿ. 5 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 160 ಸಸಿ. ಗುಣಿಗೆ 10 ಕೆ.ಜಿ. ಕೊಟ್ಟಿಗೆ ಗೊಬ್ಬರ, 200 ಗ್ರಾಂ ಬೇವಿನ ಹಿಂಡಿ. ಗೊಬ್ಬರ ಪೂರ್ತಿ ಕಳಿತಿರಲಿ, ಅರೆಬರೆ ಕಳಿತದ್ದಕ್ಕೆ ಗೆದ್ದಲು ಮುತ್ತುತ್ತದೆ. ಜೂನ್–ಜುಲೈನಲ್ಲಿ ಮಳೆ ಹಿಡಿದ ಮೇಲೆ ನೆಡಿ. ನೀರು ನಿಲ್ಲುವ ಜಾಗ ಬೇಡ. ಮೊದಲೆರಡು ಬೇಸಿಗೆ ನೀರು ತಪ್ಪಿಸಬೇಡಿ.

ಮೊದಲ ವರ್ಷದ ಗಳ ಪೆನ್ಸಿಲ್‌ನಷ್ಟೇ ದಪ್ಪ ಇದ್ದರೆ ಗಾಬರಿಯಾಗಬೇಡಿ. ಕಳಲೆ ಎಷ್ಟು ದಪ್ಪಕ್ಕೆ ಮಣ್ಣಿನಿಂದೆದ್ದಿತೋ ಗಳ ಕೊನೆಯವರೆಗೂ ಅಷ್ಟೇ. ಬೇರುಗಡ್ಡೆ ಬಲಿತಂತೆ ಮುಂದಿನ ವರ್ಷದವು ದಪ್ಪಗೆ ಬರುತ್ತವೆ. ಪ್ರತಿ ಮಳೆಗಾಲಕ್ಕೆ ಮುಂಚೆ ಬುಡಕ್ಕೆ ಮಣ್ಣೇರಿಸಿ.

ಕಟಾವು ನಾಲ್ಕೈದನೇ ವರ್ಷದಿಂದ, ನವೆಂಬರ್–ಫೆಬ್ರವರಿಯಲ್ಲಿ. ಮಳೆಗಾಲದಲ್ಲಿ ಕಡಿದರೆ ಏಳುತ್ತಿರುವ ಕಳಲೆ ಮುರಿಯುತ್ತದೆ. ಮೂರು ವರ್ಷ ತುಂಬಿದ ಗಳ ಮಾತ್ರ ಕಡಿಯಿರಿ. ವರ್ಷಕ್ಕೊಂದು ಬಣ್ಣದ ಪೇಂಟ್ ಗೀರು ಹಾಕಿಟ್ಟರೆ ಲೆಕ್ಕ ತಪ್ಪುವುದಿಲ್ಲ. ಇಲ್ಲದಿದ್ದರೆ ಗಳವನ್ನೇ ನೋಡಿ. ಎಳೆಯದಕ್ಕೆ ಬಿಳಿ ಹುಡಿ, ಗೆಣ್ಣಿನಲ್ಲಿ ಸಿಪ್ಪೆ ಇರುತ್ತದೆ. ಬಲಿತದ್ದರ ಹಸಿರು ಮಾಸಿರುತ್ತದೆ, ಮೇಲೆ ಕಲ್ಲುಹೂವಿನ ಮಚ್ಚೆ ಕೂತಿರುತ್ತದೆ.

ಕೂಲಿಯವರು ಕೈಗೆ ಸಿಗುವ ಹೊರಗಿನ ಗಳವನ್ನೇ ಮೊದಲು ಕಡಿಯುತ್ತಾರೆ. ಅವೇ ಎಳೆಯವು! ನಡುವಿನ ಹಳೆಯವು ಉಳಿದು ಮೆಳೆ ಉಸಿರುಗಟ್ಟುತ್ತದೆ. ಒಂದು ಬದಿಯಿಂದ ದಾರಿ ಬಿಡಿಸಿ, ಲಾಳದಾಕಾರದಲ್ಲಿ ಒಳಗಿನಿಂದ ತೆಗೆಸಿ. ನೆಲದಿಂದ ಒಂದು ಗೇಣಿನೊಳಗೆ, ಗೆಣ್ಣಿನ ತುಸು ಮೇಲೆ ಗರಗಸ ಹಾಕಿ. ಗೆಣ್ಣಿಗಿಂತ ತೀರಾ ಮೇಲೆ ಕೊಯ್ದರೆ ಉಳಿದ ಬಟ್ಟಲಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ.

ಬಿದಿರಿನ ಪಿಷ್ಟಕ್ಕೆ ಕೊರೆಹುಳು ಬೀಳುತ್ತದೆ. ಗಳದ ಕೆಳಗೆ ಹಿಟ್ಟು ಉದುರಿದ್ದರೆ ಅದರದ್ದೇ ಕೆಲಸ. 100 ಲೀಟರ್ ನೀರಿಗೆ 3 ಕೆ.ಜಿ. ಬೋರಾಕ್ಸ್, 2 ಕೆ.ಜಿ. ಬೋರಿಕ್ ಆಸಿಡ್ ಕರಗಿಸಿ. ಸರಳಿನಿಂದ ಗೆಣ್ಣಿನೊಳಗಿನ ತಡೆ ಒಡೆದು, ಹಸಿ ಗಳವನ್ನು 7ರಿಂದ 10 ದಿನ ಪೂರ್ತಿ ಮುಳುಗಿಸಿಡಿ. ನಂತರ ನೆರಳಲ್ಲೇ ಒಣಗಿಸಿ, ಬಿಸಿಲಿಗೆ ಸೀಳುತ್ತದೆ. ಈ ಔಷಧಿ ಮಳೆಗೆ ತೊಳೆದುಹೋಗುವುದರಿಂದ ಸೂರಿನಡಿಯ ಕೆಲಸಕ್ಕಷ್ಟೇ ಸರಿ, ಬೇಲಿಗೂಟಕ್ಕೆ ದಂಡ.