ಮಗುವಿನ ಮೂಗಿನಿಂದ ಸ್ವ್ಯಾಬ್: ಎಣಿಕೆ ಹಾಳಾಗುವುದು ಲ್ಯಾಬಿನಲ್ಲಲ್ಲ

ತೀರ್ಥಹಳ್ಳಿ ಕಡೆಯ ಒಂದು ಅಂಗನವಾಡಿ. ಸ್ಯಾಂಪಲ್ ತೆಗೆಯುವ ಕೆಲಸಕ್ಕೆ ಹೊಸದಾಗಿ ಬಂದ ಹುಡುಗ ಎರಡು ವರ್ಷದ ಮಗುವಿನ ಹೊಳ್ಳೆಯ ಬಾಯಲ್ಲೇ ಕಡ್ಡಿ ತಿರುವಿ, ‘ಆಯ್ತು ಸಾರ್’ ಅಂದ. ಕಡ್ಡಿ ತುದಿಯಲ್ಲಿದ್ದದ್ದು ಬರೀ ಗೊಣ್ಣೆ.

ನಮಗೆ ಬೇಕಾಗಿರುವುದು ನ್ಯುಮೋಕಾಕಸ್, ನ್ಯುಮೋನಿಯಾ ತರಬಲ್ಲ ಬ್ಯಾಕ್ಟೀರಿಯಾ. ಅದರ ವಾಸ ಮೂಗಿನ ಹಿಂಬದಿಯಲ್ಲಿ, ಗಂಟಲಿಗೆ ಸೇರುವ ಕಡೆ. ಇದ್ದ ಮಾತ್ರಕ್ಕೆ ಕಾಯಿಲೆ ಅಲ್ಲ, ಆರಾಮಾಗಿ ಆಡುವ ಮಕ್ಕಳಲ್ಲೂ ಇರುತ್ತದೆ. ಇದರಲ್ಲಿ 100ಕ್ಕೂ ಜಾಸ್ತಿ ಟೈಪ್‌ಗಳಿವೆ, ಪಿಸಿವಿ ಲಸಿಕೆ ತಡೆಯುವುದು ಅದರಲ್ಲಿ ಕೆಲವನ್ನು ಮಾತ್ರ. ಯಾವ ಟೈಪ್ ಎಷ್ಟು ದಟ್ಟವಾಗಿದೆ ಅಂತ ಎಣಿಸಿದರೆ ತಾನೇ ಲಸಿಕೆಯ ಟೈಪ್‌ಗಳು ಖಾಲಿ ಮಾಡಿದ ಜಾಗಕ್ಕೆ ಬೇರೆ ಯಾವುದು ಬಂತು ಅಂತ ಗೊತ್ತಾಗುವುದು?

ಮೊದಲು ಮಗುವನ್ನು ಹಿಡಿಯುವುದು. ಅಮ್ಮನ ತೊಡೆ ಮೇಲೆ, ಬೆನ್ನು ಅಮ್ಮನ ಎದೆಗೆ ಒರಗಿರಲಿ. ಅಮ್ಮನ ಒಂದು ಕೈ ಮಗುವಿನ ಎರಡೂ ಕೈ ಸುತ್ತಿ, ಇನ್ನೊಂದು ಹಣೆಯ ಮೇಲೆ. ಕಾಲು ಅಮ್ಮನ ತೊಡೆಗಳ ನಡುವೆ. ‘ಅಕ್ಕಾ, ಹಣೆ ಬಿಡಬೇಡಿ’ ಅಂತ ಎರಡು ಸಲ ಹೇಳಿ, ಯಾಕಂದ್ರೆ ಎಲ್ಲರೂ ಬಿಟ್ಟುಬಿಡುವುದು ಅದನ್ನೇ.

ಈಗ ಅಳತೆ. ಹೊಳ್ಳೆಯಿಂದ ಕಿವಿಯವರೆಗಿನ ದೂರದಲ್ಲಿ ಅರ್ಧದಿಂದ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ. ತುದಿ ಚರ್ಮಕ್ಕೆ ತಾಗದ ಹಾಗೆ ಅಳೆದು, ಕಡ್ಡಿಯ ಮೇಲೆ ಅಲ್ಲೇ ಬೆರಳಿಡಿ. ಹೊಳ್ಳೆ ಮೇಲ್ಮುಖ ಇದೆ ಅಂತ ಕಡ್ಡಿಯನ್ನು ಮೇಲಕ್ಕೆ ತಳ್ಳಬಾರದು, ಅದೇ ದೊಡ್ಡ ತಪ್ಪು, ಅಲ್ಲಿ ಸಿಗುವುದು ರಕ್ತ. ದಾರಿ ನೇರ ಹಿಂದಕ್ಕೆ, ಅಂಗುಳಿಗೆ ಸಮವಾಗಿ, ಮೂಗಿನ ನೆಲ ಸವರಿಕೊಂಡು ಹೋಗಬೇಕು. ಮಧ್ಯದಲ್ಲಿ ಗಟ್ಟಿಯಾಗಿ ತಡೆದರೆ ಒತ್ತಬೇಡಿ, ತೆಗೆದು ಇನ್ನೊಂದು ಹೊಳ್ಳೆ ನೋಡಿ. ತಲುಪಿದಾಗ ಮೆತ್ತಗೆ ತಾಗುತ್ತದೆ, ಮಗುವಿನ ಕಣ್ಣಲ್ಲಿ ನೀರು ಬರುತ್ತದೆ. ನಿಧಾನವಾಗಿ ತಿರುವಿ, ಐದು ಸೆಕೆಂಡು ಅಲ್ಲೇ ಬಿಟ್ಟು ತೆಗೆಯಿರಿ. ಮನೆಯಲ್ಲಿ ಪ್ರಯತ್ನಿಸುವ ಕೆಲಸ ಅಲ್ಲ, ತರಬೇತಿ ಇದ್ದವರೇ ಮಾಡಬೇಕು.

ಕಡ್ಡಿ ನೈಲಾನ್ ಕುಚ್ಚಿನದ್ದೇ ಆಗಬೇಕು. ಅಗ್ಗಕ್ಕೆ ಸಿಗುತ್ತದೆ ಅಂತ ಮರದ ಕಡ್ಡಿಗೆ ಹತ್ತಿ ಸುತ್ತಿದ್ದು ತಂದರೆ ನಾನು ವಾಪಸ್ ಕಳಿಸುತ್ತೇನೆ. ಹತ್ತಿಯಲ್ಲಿರುವ ಅಂಶಗಳೇ ಬ್ಯಾಕ್ಟೀರಿಯಾ ಬೆಳೆಯಲು ಬಿಡುವುದಿಲ್ಲ.

ತುದಿಯನ್ನು ಎಸ್‌ಟಿಜಿಜಿ ಟ್ಯೂಬಿಗೆ ಕತ್ತರಿಸಿ ಹಾಕಿ. ಕೆನೆ ತೆಗೆದ ಹಾಲು, ಟ್ರಿಪ್ಟೋನ್, ಗ್ಲೂಕೋಸ್, ಗ್ಲಿಸರಾಲ್ ಬೆರೆಸಿದ ದ್ರಾವಣ ಅದು. ಸರಿಯಾಗಿ 1 ಮಿಲಿ ಇರಲಿ. 2 ಮಿಲಿ ಸುರಿದರೆ ಎಣಿಕೆ ಅರ್ಧಕ್ಕೆ ಇಳಿಯುತ್ತದೆ. ಐಸ್ ಮೇಲಿಟ್ಟು 8 ಗಂಟೆಯೊಳಗೆ ಮೈನಸ್ 70 ಡಿಗ್ರಿ ಫ್ರೀಜರ್ ಸೇರಬೇಕು. ಜುಲೈ ಮಳೆಯಲ್ಲಿ ಆಗುಂಬೆ ಕಡೆಯಿಂದ ಶಿವಮೊಗ್ಗಕ್ಕೆ ಬರುವವರು ಮರ ಬಿದ್ದ ರಸ್ತೆಯ ಲೆಕ್ಕವನ್ನೂ ಸೇರಿಸಿಕೊಳ್ಳಿ. ದಾರಿಯಲ್ಲಿ ಯಾರದೋ ಮನೆ ಫ್ರಿಜ್ಜಿನ ಫ್ರೀಜರ್‌ನಲ್ಲಿ ಇಟ್ಟು, ಕರೆಂಟ್ ಹೋಗಿ ಕರಗಿ, ಮತ್ತೆ ಗಟ್ಟಿಯಾದರೆ ಬದುಕಿರುವ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ.

ಲ್ಯಾಬಿನಲ್ಲಿ ಎಣಿಸುವುದು ಸುಲಭ. ನೂರು ಪಟ್ಟು ತೆಳು ಮಾಡಿದ್ದರಲ್ಲಿ 0.1 ಮಿಲಿ ತೆಗೆದು ರಕ್ತದ ಅಗರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲೆ ಹರಡಿ, ಮರುದಿನ 40 ಕಾಲನಿ (ಬ್ಯಾಕ್ಟೀರಿಯಾ ಬೆಳೆದ ಚುಕ್ಕಿ) ಕಂಡರೆ ಮಿಲಿಗೆ 40 ಸಾವಿರ. ಆದರೆ ಒಂದೇ ಕಾಲನಿ ಆರಿಸಿ ಟೈಪ್ ಬರೆಯುವವರಿದ್ದಾರೆ! ಒಂದೇ ಮೂಗಲ್ಲಿ ಎರಡು ಮೂರು ಟೈಪ್ ಇರಬಹುದು. ನೂರಕ್ಕೆ ಹತ್ತರಷ್ಟಿರುವ ಟೈಪ್, ನೀವು ಹತ್ತು ಕಾಲನಿ ಆರಿಸಿದರೂ ಸುಮಾರು ಮೂರಕ್ಕೊಂದು ಸಲ ಕೈತಪ್ಪುತ್ತದೆ. ಪಿಸಿಆರ್, ಅಂದರೆ ಡಿಎನ್‌ಎ ಹುಡುಕುವ ಪರೀಕ್ಷೆ ಮಾಡುವವರು ಸತ್ತ ಬ್ಯಾಕ್ಟೀರಿಯಾವೂ ಎಣಿಕೆಗೆ ಬರುತ್ತದೆ ಅನ್ನುವುದನ್ನು ಮರೆಯಬೇಡಿ.

ಇನ್ನು ಫಾರಂ. ಶೀತ ಇದೆಯಾ ಅಂತ ಬರೆಯಲೇಬೇಕು, ವೈರಸ್ ಶೀತ ಇದ್ದಾಗ ದಟ್ಟಣೆ ಏರುತ್ತದೆ. ಆಂಟಿಬಯೋಟಿಕ್ ಕೊಟ್ಟಿದ್ದೀರಾ ಅಂದರೆ ‘ಇಲ್ಲ ಸಾರ್, ಸುಮ್ನೆ ಕೆಮ್ಮಿನ ಸಿರಪ್’ ಅನ್ನುತ್ತಾರೆ. ಬಾಟಲಿ ತರಿಸಿ ನೋಡಿ. ನಾನು ನೋಡಿದಾಗ ಅಮಾಕ್ಸಿಸಿಲಿನ್ ಇತ್ತು, ಅದು ಆಂಟಿಬಯೋಟಿಕ್ಕೇ.